ಕಲ್ಲುಸಕ್ಕರೆಯ ಪಕ್ಕದ ಮನೆ

ನಾನು ಒಂದು ದವಡೆಹಲ್ಲು. ಧಾರವಾಡದ ಶಾಂಭವಿಗೆ ಆರು ವರ್ಷವಾದಾಗ, ಅವಳ ಹಾಲುಹಲ್ಲುಗಳ ಹಿಂದೆ ಎಡಬದಿಯಲ್ಲಿ ಮೊಳೆತೆ. ಬಂದವನೇ ಕಡಕ್ ರೊಟ್ಟಿ, ಹುರಿಗಡಲೆ ಎಲ್ಲವನ್ನೂ ಪುಡಿ ಮಾಡಿದೆ. ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುವ ಗಾದೆ ನಮ್ಮ ಮನೆಯಲ್ಲಿ ಸುಳ್ಳಾಗಿತ್ತು.

ಶಾಂಭವಿ ಬೆಳೆದು ಸಂಗೀತ ಟೀಚರ್ ಆದಳು. ಕಂಠವೇ ಅವಳ ಅನ್ನ. ಗಂಟಲು ಒಣಗದಿರಲಿ ಎಂದು, ಗುರುಗಳು ಹೇಳಿಕೊಟ್ಟಂತೆ, ಎಡದವಡೆಯಲ್ಲಿ ಒಂದು ಕಲ್ಲುಸಕ್ಕರೆ ಒತ್ತರಿಸಿ ಇಟ್ಟುಕೊಳ್ಳುವಳು. ಕರಗಿದರೆ ಇನ್ನೊಂದು. ಬೆಳಿಗ್ಗೆಯ ರಿಯಾಜಿನಿಂದ ಸಂಜೆಯ ಪಾಠದವರೆಗೆ ನನ್ನ ಪಕ್ಕದಲ್ಲೇ ಅದರ ಬಿಡಾರ.

ಕೆಲವು ವರ್ಷಗಳಲ್ಲಿ ನನ್ನ ನೆತ್ತಿಯ ಮೇಲೆ ಕಪ್ಪು ಚುಕ್ಕೆ ಬಿತ್ತು, ಆಮೇಲೆ ಗುಳಿ. ನನಗೆ ತಲೆಬುಡ ತಿಳಿಯಲಿಲ್ಲ. ಇವಳು ದಿನಕ್ಕೆರಡು ಸಲ ಹಲ್ಲುಜ್ಜುವವಳು. ಮದುವೆಮನೆಯಲ್ಲಿ ಲಾಡು ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುವವಳು. ಪೇಢೆಯ ಊರಿನಲ್ಲಿದ್ದೂ ಪೇಢೆ ಮುಟ್ಟದವಳು. ಹಾಗಾದರೆ ನನ್ನನ್ನು ತಿನ್ನುತ್ತಿರುವವರು ಯಾರು?

ಅವಳಿಗೂ ಅದೇ ಗೊಂದಲ. ನೋವೆದ್ದಾಗ ಲವಂಗ ಒತ್ತುವಳು. ಲವಂಗ ಖಾರವೆಂದು ಅದರ ಮೇಲೊಂದು ಕಲ್ಲುಸಕ್ಕರೆ. ತಾರಷಡ್ಜಕ್ಕೆ ಬಾಯಿ ತೆರೆದರೆ ಗಾಳಿ ನನ್ನ ನರಕ್ಕೆ ತಾಕಿ ಸ್ವರ ನಡುವೆಯೇ ಮುರಿಯುತ್ತಿತ್ತು. ಕೊನೆಗೆ ಕಚೇರಿ ಒಪ್ಪಿಕೊಳ್ಳುವುದನ್ನೇ ಬಿಟ್ಟಳು. ನನ್ನಿಂದಾಗಿ ಅವಳ ಹಾಡು ನಿಂತಿತಲ್ಲ ಎಂದು ನನಗೆ ಸಂಕಟ.

ದಂತವೈದ್ಯೆ ಶಹನಾಜ್, ಸಿಹಿ ಬಹಳ ತಿನ್ನುತ್ತೀರಾ ಎಂದು ಕೇಳಿದರು. ಶಾಂಭವಿಗೆ ಸಿಟ್ಟು ಬಂತು.

"ಸಿಹಿ ನಾ ಮುಟ್ಟಂಗಿಲ್ರೀ. ಕಲ್ಲುಸಕ್ಕರಿ ಅಷ್ಟ. ಅದು ಔಷಧ."

"ಗಂಟಲಿಗೆ ಔಷಧ ಇರಬಹುದ್ರೀ, ಹಲ್ಲಿಗೆ ಅದೂ ಸಕ್ಕರೀನ. ಲಾಡು ತಿಂದ್ರ ಹೊಟ್ಟಿಗೆ ಹೋಗ್ತದ. ಇದು ದಿನಪೂರ್ತಿ ಹಲ್ಲಿನ ಮ್ಯಾಲ ಕೂತಿರ್ತದ."

ನೆರೆಯವನೇ ನನ್ನನ್ನು ತಿಂದದ್ದು ಎಂದು ನನಗೆ ಆಗ ತಿಳಿಯಿತು. ಅಷ್ಟರಲ್ಲಿ ಇಕ್ಕಳ ನನ್ನ ಕೊರಳಿಗೆ ಬಿದ್ದಿತ್ತು.

ಮೂವತ್ತೆಂಟು ವರ್ಷ ಸೇವೆ ಮಾಡಿ, ಈಗ ಹತ್ತಿಯಲ್ಲಿ ಸುತ್ತಿಕೊಂಡು ಅವಳ ತಂಬೂರಿಯ ಪಕ್ಕದ ಡಬ್ಬಿಯಲ್ಲಿದ್ದೇನೆ. ಗಾಯ ಮಾಯ್ದು ಇವತ್ತು ಅವಳು ಮತ್ತೆ ಹಾಡಲು ಕುಳಿತಳು. ಷಡ್ಜ ಮುರಿಯದೆ ನಿಂತಿತು. ನಾನಿಲ್ಲದೆ ಅವಳು ಚೆನ್ನಾಗಿ ಹಾಡಿದ್ದಕ್ಕೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಅವಳು ಒಂದು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡಳು. ಡಾಕ್ಟರು ಬೇಡವೆಂದಿದ್ದರಲ್ಲ ಎಂದು ಶಿಷ್ಯೆ ನೆನಪಿಸಿದಳು.

"ಕೆಟ್ಟಿದ್ದು ಎಡಗಡಿ ಹಲ್ಲವಾ. ಈಗ ಬಲಗಡಿ ಇಟ್ಕೋತೀನಿ," ಎಂದಳು ಶಾಂಭವಿ.

ಬಲಬದಿಯಲ್ಲಿ ನನ್ನ ಓರಗೆಯವನಿದ್ದಾನೆ, ನನ್ನ ಜೊತೆಗೇ ಹುಟ್ಟಿದವನು. ಅವನ ಮೇಲೆ ಇನ್ನೂ ಒಂದು ಚುಕ್ಕೆಯೂ ಬಿದ್ದಿಲ್ಲ.