ತಳ ಕಾಣದ ನೀರು

ನಾನೊಂದು ಈಜುಕೊಳ. ಇಪ್ಪತ್ತೈದು ಮೀಟರ್ ಉದ್ದ. ಒಂದು ತುದಿಯಲ್ಲಿ ಮಕ್ಕಳ ಎದೆಮಟ್ಟದ ನೀರು, ಇನ್ನೊಂದು ತುದಿಯಲ್ಲಿ ಎರಡಾಳು ಆಳ. ಹುಟ್ಟಿದ್ದು ಹತ್ತಿ ಕಾರ್ಖಾನೆಯ ಹಿಂದಿನ ಎರೆಹೊಲದಲ್ಲಿ. ಕಾರ್ಖಾನೆಯ ಮಾಲೀಕರಿಗೆ ಮಕ್ಕಳು ಈಜು ಕಲಿಯಲೆಂಬ ಆಸೆ. ಅದಕ್ಕಾಗಿ ನನ್ನನ್ನು ಅಗೆಸಿದರು.

ನನ್ನ ನೆಲಕ್ಕೆ ಕಾಂಕ್ರೀಟು ಸುರಿಯುತ್ತಿದ್ದ ದಿನ ಮುದುಕ ಎಂಜಿನಿಯರೊಬ್ಬರು ಕಾರ್ಖಾನೆಯ ಪಂಪ್ ಮೆಕ್ಯಾನಿಕ್ ಹಜರೇಸಾಬರನ್ನು ಹತ್ತಿರ ಕರೆದು ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ಇದು ಎರಿ ಭೂಮಿ, ಹಜರೇಸಾಬ. ಬ್ಯಾಸಗ್ಯಾಗ ಬಿರಿತದ, ಮಳಿಗಾಲದಾಗ ಉಬ್ಬತದ. ಮಳಿಗಾಲದಾಗ ಕೊಳ ಖಾಲಿ ಮಾಡಿದ್ರಿ ಅಂದ್ರ, ಅಡಿಯಾಗಿನ ನೀರು ಇದನ್ನ ಎತ್ತಿ ಒಡದು ಹಾಕತದ. ಹೊಟ್ಟ್ಯಾಗ ನೀರು ಇರೂತನಕ ಅಷ್ಟ ಇದು ಬದುಕೂದು."

ಹೀಗೆ ಹುಟ್ಟುವ ಮೊದಲೇ ನನ್ನ ಸಾವು ಯಾವ ದಾರಿಯಿಂದ ಬರುತ್ತದೆಂದು ತಿಳಿಯಿತು. ಆದರೂ ನನಗೆ ಅದಕ್ಕಿಂತ ದೊಡ್ಡ ಭಯ ಬೇರೆಯೇ ಇತ್ತು. ನನ್ನೊಳಗೆ ಇಳಿದವರಲ್ಲಿ ಯಾರಾದರೊಬ್ಬರು ಮೇಲೆ ಬಾರದೇ ಹೋದರೆ? ಮುಳುಗುವವರು ಕೂಗುವುದಿಲ್ಲ. ನನಗೂ ಕೂಗಲು ಬಾರದು.

ನನ್ನ ಉಸ್ತುವಾರಿ ಹೊತ್ತ ಹಜರೇಸಾಬರಿಗೂ ಆ ಭಯ ಇತ್ತೆಂದು ಅವರ ಕೆಲಸ ನೋಡಿಯೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಬಂದವರೇ ಗಾಜಿನ ನಳಿಗೆಯಲ್ಲಿ ನನ್ನ ನೀರು ತುಂಬಿ ಔಷಧಿಯ ಹನಿ ಬಿಡುತ್ತಿದ್ದರು. ಹಳದಿ ಬಣ್ಣ ತೆಳುವಾಗಿದ್ದರೆ ಕ್ಲೋರಿನ್ ಸಾಲದು ಎಂದರ್ಥ. ಉದ್ದ ಕೋಲಿನ ಬ್ರಷ್ಷಿನಿಂದ ನನ್ನ ಗೋಡೆ ತಿಕ್ಕುವರು, ಬಲೆಯಿಂದ ಬೇವಿನ ಎಲೆ ಎತ್ತುವರು. ಮರಳಿನ ಫಿಲ್ಟರು ಕಟ್ಟಿಕೊಂಡರೆ ನೀರನ್ನು ಹಿಂದುಮುಂದಾಗಿ ಹಾಯಿಸಿ ಕೊಳೆ ಹೊರಹಾಕುವರು. ಎಲ್ಲ ಮುಗಿದ ಮೇಲೆ ಆಳದ ತುದಿಯಲ್ಲಿ ನಿಂತು, ನನ್ನ ತಳದಲ್ಲಿರುವ ಕಬ್ಬಿಣದ ಜಾಲರಿಯನ್ನು ದಿಟ್ಟಿಸುವರು. ಅದರ ಸೀಳುಗಳು ಒಂದೊಂದಾಗಿ ಕಂಡರೆ ಮಾತ್ರ ಗೇಟಿನ ಕೀಲಿ ತೆಗೆಯುತ್ತಿದ್ದರು. "ತಳ ಕಾಣದ ನೀರಿನಾಗ ನನ್ನ ಮಗನನ್ನೂ ಇಳಸಂಗಿಲ್ಲ, ನಿಮ್ಮ ಮಗನನ್ನೂ ಇಳಸಂಗಿಲ್ಲ" ಎಂಬುದು ಅವರ ಮಾತು.

ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರಿಗೂ ಅವರಲ್ಲಿ ಮಾಫಿ ಇರಲಿಲ್ಲ. "ಈಸಾಕ ಬಂದೀಯೋ, ಮಿರ್ಚಿ ಭಜಿ ಕರಿಯಾಕ ಬಂದೀಯೋ? ಮೊದಲು ತಲಿ ತೊಳಕೊಂಡು ಬಾ" ಎಂದು ನಲ್ಲಿಯ ಕಡೆ ಅಟ್ಟುತ್ತಿದ್ದರು.

ಕಾರ್ಖಾನೆ ಮುಚ್ಚಿತು. ಮೂರು ವರ್ಷ ನನ್ನನ್ನು ಯಾರೂ ಕೇಳಲಿಲ್ಲ. ಪಾಚಿ ಕಟ್ಟಿತು, ಕಪ್ಪೆಗಳು ಸಂಸಾರ ಹೂಡಿದವು. ಮಳೆನೀರು ಹೊಟ್ಟೆಯಲ್ಲಿ ಇದ್ದುದರಿಂದ ಬದುಕಿಕೊಂಡೆ. ಆಮೇಲೆ ಊರಿನ ಕ್ರೀಡಾ ಸಮಿತಿಯವರು ನನ್ನನ್ನು ವಹಿಸಿಕೊಂಡರು. ಹುಡುಕಿಕೊಂಡು ಹೋಗಿ ಹಜರೇಸಾಬರನ್ನೇ ಕರೆತಂದರು. ಅವರ ಗಡ್ಡ ಬೆಳ್ಳಗಾಗಿತ್ತು.

ಸಮಿತಿಗೆ ಸಿದ್ರಾಮಪ್ಪ ಸಾಹುಕಾರರು ಅಧ್ಯಕ್ಷರು. ಕೆಟ್ಟವರಲ್ಲ, ಎಲ್ಲವೂ ನಾಲ್ಕು ಜನರ ಕಣ್ಣಿಗೆ ಕಾಣುವಂತೆ ನಡೆಯಬೇಕೆಂಬ ಹಂಬಲದವರು. ಅದೊಂದು ಶ್ರಾವಣದಲ್ಲಿ ಹನ್ನೊಂದು ದಿನ ಬಿಡದೆ ಮಳೆ ಹಿಡಿಯಿತು. ಮಳೆ ಬಿಟ್ಟ ಮರುದಿನವೇ ತಾಲ್ಲೂಕಿನ ಮಕ್ಕಳ ಈಜು ಸ್ಪರ್ಧೆ. ಅದರ ಹಿಂದಿನ ದಿನ ಮುಂಜಾನೆ ಸಾಹುಕಾರರು ಐವರು ಮುತ್ತೈದೆಯರನ್ನು ಕರೆದುಕೊಂಡು ನನ್ನ ದಂಡೆಗೆ ಬಂದರು.

"ಡ್ಯಾಮಿಗೆ ಮಂತ್ರಿಗಳು ಬಾಗಿನ ಕೊಡ್ತಾರ. ನಮ್ಮ ಕೊಳಕ್ಕ ನಾವ್ಯಾಕ ಕೊಡಬಾರದು?"

ಹಜರೇಸಾಬರು ಕೈಮುಗಿದರು. "ಹೊಳಿ ಹರಿತದರಿ ಸಾಹುಕಾರ್ರ, ಹಾಕಿದ್ದನ್ನೆಲ್ಲಾ ತಗೊಂಡು ಹೋಗತದ. ಇದು ನಿಂತ ನೀರು. ಮೊರ ದಂಡಿಮ್ಯಾಲೆ ಇಡ್ರಿ, ನೀರು ಮುಟ್ಟಿ ನಮಸ್ಕಾರ ಮಾಡ್ರಿ, ಸಾಕು."

"ನಮ್ಮ ಗಂಗಮ್ಮನ ಪೂಜಿ ನಿನಗೇನ್ ತಿಳಿತದೋ ಸಾಬಾ?"

"ಪೂಜಿ ತಿಳಿಯಂಗಿಲ್ರಿ ನನಗ. ನೀರು ತಿಳಿತದ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಐದು ಮೊರಗಳು ತೇಲಿದವು. ಬಳೆ, ಬಾಳೆಹಣ್ಣು, ಕುಬುಸದ ಕಣ, ಬುಟ್ಟಿಗಟ್ಟಲೆ ಚೆಂಡುಹೂವು, ಸೇರುಗಟ್ಟಲೆ ಅರಿಸಿನ ಕುಂಕುಮ, ಕೊನೆಗೆ ಎರಡು ಕ್ಯಾನು ಹಾಲು. ಸುಳ್ಳೇಕೆ ಹೇಳಲಿ, ನನಗೆ ಹಿಗ್ಗಾಯಿತು. ತವರಿನವರು ಉಡಿ ತುಂಬಿದಂತೆ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಹೂವಿನ ಎಸಳು ಫಿಲ್ಟರಿಗೆ ಸಿಕ್ಕಿಕೊಂಡವು, ಹಾಲು ಕ್ಲೋರಿನ್ನನ್ನೆಲ್ಲ ತಿಂದುಹಾಕಿತು. ನನ್ನ ನೀರು ಮಜ್ಜಿಗೆಹುಳಿಯಂತೆ ಹಳದಿಯಾಗಿ ಕದಡಿತು. ಹಿಗ್ಗು ಇಳಿದು ಭಯ ಹತ್ತಿತು.

ಹಜರೇಸಾಬರು ಪಟಿಕ ಕರಗಿಸಿ ಸುರಿದು, ಪಂಪು ನಿಲ್ಲಿಸಿದರು. "ಎರಡು ದಿನ ಅಲ್ಲಾಡಿಸಬಾರದು. ಕೊಳಿ ತಳಕ್ಕ ಕೂಡ್ರತದ. ಸ್ಪರ್ಧಾ ಮುಂದ ಹಾಕ್ರಿ" ಎಂದರು.

ಸ್ಪರ್ಧೆ ಮುಂದೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಸಾಹುಕಾರರು ತಮ್ಮ ಬಳಿ ಇದ್ದ ಇನ್ನೊಂದು ಕೀಲಿಯಿಂದ ಗೇಟು ತೆಗೆಸಿದರು. ನೀರಿಗೆ ಜೀವಕಳೆ ಬರಲೆಂದು ಪಂಪನ್ನೂ ಹಾಕಿಸಿದರು. ತಳದಲ್ಲಿ ಕುಳಿತಿದ್ದ ಕೊಳೆಯೆಲ್ಲ ಹೊಗೆಯಂತೆ ಎದ್ದಿತು.

"ಜಾಲರಿ ಕಾಣವಲ್ದರಿ" ಎಂದರು ಹಜರೇಸಾಬರು.

"ಜಾಲರಿ ಯಾಕ ಬೇಕೋ? ಹುಡುಗರು ಮ್ಯಾಲೆ ಈಸ್ತಾರ, ತಳದಾಗೇನು ಈಸಂಗಿಲ್ಲ."

ಜನ ನಕ್ಕರು. ಪ್ರಾಥಮಿಕ ಶಾಲೆಯ ಶಿಕ್ಷಕಿ ಗಿರಿಜಾ ಮಾತ್ರ ನಗಲಿಲ್ಲ. ಆಕೆಯ ಒಂಬತ್ತು ವರ್ಷದ ಮಗಳು ಪಲ್ಲವಿ ಮೊದಲ ಸ್ಪರ್ಧೆಯಲ್ಲೇ ಇದ್ದಳು. ಗಿರಿಜಾ ಟವೆಲನ್ನು ಎದೆಗೊತ್ತಿಕೊಂಡು ದಂಡೆಯ ತೀರಾ ಅಂಚಿನಲ್ಲಿ ನಿಂತಿದ್ದರು.

ಸೀಟಿ ಊದಿದರು. ಎಂಟು ಮಕ್ಕಳು ಹಾರಿದರು. ಆಳದ ತುದಿಯವರೆಗೆ ಬಂದು, ಗೋಡೆ ಒದ್ದು, ತಿರುಗಿದರು. ತಿರುಗಿದ ಮೇಲೆ ಒಂದು ಕಾಲು ಸೆಟೆದದ್ದು ನನಗೆ ತಿಳಿಯಿತು. ಎರಡು ಸಲ ನೀರು ಬಡಿಯಿತು, ಆಮೇಲೆ ನಿಂತಿತು. ಅತ್ತ ಏಳು ಕೈಗಳು ಒಂದೊಂದಾಗಿ ಗೋಡೆ ಮುಟ್ಟಿದವು. ಚಪ್ಪಾಳೆ ಬಿತ್ತು. ಇತ್ತ ಒಂದು ಹಿಮ್ಮಡಿ ನನ್ನ ತಳಕ್ಕೆ ತಾಗಿತು. ಮೆತ್ತಗೆ, ನಿದ್ದೆಗಣ್ಣಿನ ಮಗು ಹಾಸಿಗೆಗೆ ಕಾಲಿಟ್ಟಂತೆ.

"ನನ್ನ ಮಗಳೆಲ್ಲಿ?" ಎಂದರು ಗಿರಿಜಾ.

"ಬಟ್ಟಿ ಬದಲಸಾಕ ಹೋಗಿರಬೇಕ್ರಿ ಅಕ್ಕಾರ" ಎಂದರು ಯಾರೋ.

"ಹತ್ತಿ ಬಂದಿಲ್ಲ. ನಾ ನೋಡಾಕತ್ತೀನಿ, ಹತ್ತಿ ಬಂದಿಲ್ಲ!"

ಹಜರೇಸಾಬರು ಅಂಗಿ ಸಮೇತ ಧುಮುಕಿದರು. ನೀರೊಳಗೆ ಅವರಿಗೆ ತಮ್ಮ ಕೈಯೇ ಕಾಣುತ್ತಿರಲಿಲ್ಲ. ಕುರುಡರಂತೆ ನನ್ನ ನೆಲ ಸವರುತ್ತ ಎಡಕ್ಕೆ ಹೋದರು. ಗೋಡೆ ಸಿಕ್ಕಿತು. ಉಸಿರಿಗೆ ಮೇಲೆದ್ದರು, ಮತ್ತೆ ಮುಳುಗಿದರು. ಈ ಸಲವೂ ಎಡಕ್ಕೇ. ಮೇಲೆ ತಾಯಿಯ ಕೂಗು ಏರುತ್ತಿತ್ತು. ಮೂರನೆಯ ಸಲ ಮುಳುಗಿದಾಗ ಅವರ ಬೆರಳಿಗೆ ಜಡೆಯ ತುದಿ ಸಿಕ್ಕಿತು.

ಮಗುವನ್ನು ಕಲ್ಲಿನ ಮೇಲೆ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ತುಂಬಿದರು. ಒಂದು ಸಲ, ಎರಡು ಸಲ. ಎಷ್ಟು ಸಲವೋ. ಕಡೆಗೆ ಪಲ್ಲವಿ ಹಳದಿ ನೀರು ಕಾರಿ, ಕೆಮ್ಮಿ, ಅತ್ತಳು. ಗಿರಿಜಾ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಸಾಹುಕಾರರು ಹಣೆಯ ಬೆವರು ಒರೆಸಿಕೊಂಡರು. "ಬಾಗಿನ ಕೊಟ್ಟಿದ್ದಕ್ಕ ಗಂಗಮ್ಮ ಕೂಸು ವಾಪಸ್ ಕೊಟ್ಲು ನೋಡ್ರಿ! ಹತ್ತು ನಿಮಿಷ ಸುಧಾರಿಸಿಕೊಳ್ಳೂಣ. ಆಮ್ಯಾಲೆ ಮುಂದಿನ ಸ್ಪರ್ಧಾ."

"ಬ್ಯಾಡ್ರಿ" ಎಂದರು ಹಜರೇಸಾಬರು.

"ನೀ ದಂಡಿಮ್ಯಾಲೆ ಇದ್ದೀಯಲ್ಲ, ಏನಾಗತದ?"

ಇನ್ನೆಂಟು ಮಕ್ಕಳು ಸಾಲಾಗಿ ಬಂದು ನಿಂತರು. ಹಜರೇಸಾಬರು ಅವರನ್ನು ನೋಡಿದರು, ಆಮೇಲೆ ನನ್ನನ್ನು. ಒದ್ದೆ ಬಟ್ಟೆಯಲ್ಲೇ ಪಂಪಿನ ಕೋಣೆಗೆ ಇಳಿದು, ನನ್ನ ನೀರನ್ನು ಹಿಂದಿನ ಹಳ್ಳಕ್ಕೆ ಬಿಡುವ ದೊಡ್ಡ ವಾಲ್ವಿನ ಚಕ್ರಕ್ಕೆ ಕೈಯಿಟ್ಟರು. ಹನ್ನೊಂದು ದಿನದ ಮಳೆ ಕುಡಿದು ಉಬ್ಬಿದ ಎರೆಮಣ್ಣು ಆ ಕೋಣೆಯ ಗೋಡೆಯಲ್ಲೂ ಒಸರುತ್ತಿತ್ತು. ಅವರ ಕೈ ಕೊಂಚ ಹೊತ್ತು ಅಲ್ಲೇ ನಿಂತಿತು. ಆಮೇಲೆ ತಿರುಗಿಸಿದರು. ಪೂರ್ತಿ ತಿರುಗಿಸಿ, ಚಕ್ರವನ್ನೇ ಬಿಚ್ಚಿ, ಕಿಟಕಿಯಿಂದ ಹಳ್ಳಕ್ಕೆ ಎಸೆದರು.

ನೀರು ಇಳಿಯತೊಡಗಿತು. ಮೊದಲು ಯಾರಿಗೂ ತಿಳಿಯಲಿಲ್ಲ. ಮೆಟ್ಟಿಲೊಂದು ಹೊರಬಿದ್ದಾಗ ಸಾಹುಕಾರರು ಕಿರುಚಿದರು. ಬೈದರು, ಅಂಗಿ ಹಿಡಿದು ಎಳೆದರು. ಹಜರೇಸಾಬರು ಪಂಪಿನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕುಳಿತಿದ್ದರು. ಸಂಜೆಗೆ ನಾನು ಬರಿದಾದೆ.

ಮೂರನೆಯ ದಿನ ನಡುಹಗಲಿನಲ್ಲಿ ಅಡಿಯ ನೀರು ನನ್ನನ್ನು ಎತ್ತಿತು. ಆಳದ ಕಡೆಯ ನೆಲ ಗೇಣುದ್ದ ಮೇಲೆದ್ದು, ನಡುವಿನಲ್ಲಿ ಅಡ್ಡಕ್ಕೆ ಸೀಳಿತು. ಹಜರೇಸಾಬರ ಕೆಲಸ ಹೋಯಿತು. ಸಮಿತಿ ನನ್ನನ್ನು ಮತ್ತೆ ಕಟ್ಟಿಸಲಿಲ್ಲ.

ಅದಾಗಿ ಆರು ವರ್ಷ. ಬಿರುಕಿನಲ್ಲಿ ಉತ್ತರಾಣಿ ಬೆಳೆದಿದೆ. ಟೈಲ್ಸು ಉದುರಿ ಮೈ ಬೋಳಾಗಿದೆ. ಮೊನ್ನೆ ಹಜರೇಸಾಬರು ಕೋಲೂರಿಕೊಂಡು ಬಂದು ದಂಡೆಯ ಮೇಲೆ ಕುಳಿತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಗಿರಿಜಾ ಅವರನ್ನು ಕಂಡು ಒಳಗೆ ಬಂದರು.

"ಪಲ್ಲವಿ ಹ್ಯಾಂಗದಾಳ್ರಿ ಅಕ್ಕಾರ?"

"ಬ್ಯಾರೆ ಊರಿಗೆ ಹೋಗಿ ಈಸ್ತಾಳ್ರಿ. ನಾನೂ ಹೋಗ್ತೀನಿ. ಆಕಿ ಹತ್ತಿ ಬರೂತನಕ ಕೂಡ್ರಂಗಿಲ್ಲ." ನನ್ನ ಬಿರುಕಿನ ಕಡೆ ನೋಡಿ ಕೇಳಿದರು: "ಇದು ಒಡಿತದ ಅಂತ ನಿಮಗ ಗೊತ್ತಿತ್ತೇನ್ರಿ ಚಾಚಾ?"

"ಗೊತ್ತಿತ್ರಿ."

"ಗೇಟಿಗೆ ಕೀಲಿ ಹಾಕಿದ್ರ ಸಾಕಾಗ್ತಿರಲಿಲ್ಲೇನು?"

"ಇನ್ನೊಂದು ಕೀಲಿ ಅವರ ಹಂತ್ಯಾಕ ಇತ್ತಲ್ರಿ. ನೀರು ಇತ್ತಂದ್ರ ಇಳಸ್ತಿದ್ರು." ಅವರು ಉಳಿದಿದ್ದ ಒಂದು ಟೈಲ್ಸಿನ ಮೇಲೆ ಕೈಯಾಡಿಸಿದರು. "ಮೂವತ್ತು ವರ್ಷ ತೊಳದೀನ್ರಿ ಇದನ್ನ. ಬಾಯಿ ಇದ್ದಿದ್ರ ನನ್ನ ಬೈತಿತ್ತು."

ನಾನು ಬೈಯುತ್ತಿರಲಿಲ್ಲ, ಹಜರೇಸಾಬ. ನನಗೆ ಬಾಯಿ ಇದ್ದಿದ್ದರೆ ಅದು ಬೇಕಾಗಿದ್ದದ್ದು ಆ ದಿನ, ನೀವು ನೀರೊಳಗೆ ಎಡಕ್ಕೆ ತಡಕುತ್ತಿದ್ದಾಗ. ಒಂದೇ ಮಾತು ಹೇಳುತ್ತಿದ್ದೆ: ಬಲಕ್ಕೆ, ಇನ್ನೊಂದೇ ಮೊಳ ಬಲಕ್ಕೆ.