ಬಯ್ಯಪ್ಪನ ತೋಳು, ಚರಕದ ಎಣ್ಣೆ

ಶಿಡ್ಲಘಟ್ಟದ ಬಯ್ಯಪ್ಪ ಮೂವತ್ತು ವರ್ಷದಿಂದ ಮನೆಯ ರೇಷ್ಮೆ ಚರಕ ತಿರುಗಿಸುತ್ತ ಬಂದವನು. ಸೊಸೆ ವರಲಕ್ಷ್ಮಮ್ಮ ಬೆಂದ ಗೂಡಿನಿಂದ ಎಳೆ ಎತ್ತಿಕೊಟ್ಟರೆ, ಮಾವ ಹಿಡಿ ತಿರುಗಿಸುತ್ತಿದ್ದ. ಈಚೆಗೆ ಚರಕ ಜಪ್ಪಯ್ಯ ಅಂದರೂ ಸಲೀಸಾಗಿ ತಿರುಗದು. ಹತ್ತು ಸುತ್ತಿಗೇ ಅವನಿಗೆ ಏದುಸಿರು.

"ಮಾವ, ನೀವಿನ್ನು ಕೂತ್ಕೊಳ್ಳಿ. ಸೋಮವಾರದಿಂದ ಆಳು ಕರೆಯಣ," ಅಂದಳು ಸೊಸೆ. ಅಕ್ಕರೆಯಿಂದಲೇ ಅಂದಿದ್ದು. ಬಯ್ಯಪ್ಪನ ಎದೆ ಮಾತ್ರ ಚುರುಕ್ಕೆಂದಿತು. ಇನ್ನು ನಾನು ಈ ಮನೆಗೆ ಕೂಳಿಗೆ ದಂಡ ಅಂದುಕೊಂಡ.

ಭಾನುವಾರ, ಗೂಡು ಬೇಯಿಸುವ ಒಲೆ ಆರಿದ್ದ ಹೊತ್ತಿನಲ್ಲಿ, ಪಂಪು ರಿಪೇರಿ ಮಾಡುವ ಗೆಳೆಯ ಮುನಿಗಂಗಪ್ಪ ಕಾಫಿಗೆ ಬಂದ. ಸುಮ್ಮನೆ ಕೂರುವ ಆಸಾಮಿಯಲ್ಲ. ಚರಕದ ಕೀಲಿಗೆ ಬೆರಳಿಟ್ಟು ನೋಡಿದ.

"ಇದಕ್ಕೇನು ಹಾಕ್ತೀಯ ಬಯ್ಯಪ್ಪಣ್ಣ?"

"ಶುಕ್ರವಾರ ಶುಕ್ರವಾರ ದೇವರ ದೀಪದಲ್ಲಿ ಉಳಿದ ಹರಳೆಣ್ಣೆ. ನಮ್ಮಪ್ಪನ ಕಾಲದಿಂದ್ಲೂ ಅಷ್ಟೇ."

"ಅದೇ ಅಂಟಾಗೈತೆ. ಬೀಜದೆಣ್ಣೆ ಗಾಳಿಗೆ ಬರ್ತಾ ಬರ್ತಾ ಜಿಗುಟಾಗ್ತದೆ, ಧೂಳು ಹಿಡೀತದೆ. ಮಷಿನ್ ಎಣ್ಣೆ ಹಾಕು."

"ಎಣ್ಣೆ ಏನ್ಮಾಡ್ತದೋ, ನನ್ನ ತೋಳೇ ಸೋತೈತೆ. ನಿನ್ನ ಮಷಿನ್ ಎಣ್ಣೆ ಏನು ಆಕಾಶದಿಂದ ಇಳಿದಿದ್ದಾ?"

"ಭೂಮಿಯಿಂದ ಎದ್ದಿದ್ದು!" ಮುನಿಗಂಗಪ್ಪ ನಕ್ಕ. "ನೆಲದಾಳದ ಕಚ್ಚಾ ತೈಲ ಕಾಯಿಸಿ ಭಟ್ಟಿ ಇಳಿಸಿದ್ರೆ ಪೆಟ್ರೋಲು, ಸೀಮೆಣ್ಣೆ, ಡೀಸೆಲ್ಲು ಬೇರೆ ಬೇರೆ ಆಗ್ತವೆ. ಉಳಿಯೋ ಮಂದ ಭಾಗನ ಶುದ್ಧ ಮಾಡಿ, ತುಕ್ಕು, ಸವೆತ ತಡೆಯೋ ಮದ್ದು ಒಂಚೂರು ಸೇರಿಸ್ತಾರೆ. ಅದು ಎರಡು ಕಬ್ಬಿಣದ ಮಧ್ಯೆ ತೆಳ್ಳಗೆ ಪೊರೆ ಥರ ನಿಲ್ತದೆ. ಒಂದಕ್ಕೊಂದು ಉಜ್ಜೋದು, ಬಿಸಿಯಾಗೋದು ಕಮ್ಮಿ."

"ದೇವರ ಎಣ್ಣೇನ ಒರೆಸಿ ಬಿಸಾಕಣಾ?"

"ದೀಪದ ಎಣ್ಣೆ ದೀಪಕ್ಕೇ ಇರ್ಲಿ ಮಾವ," ಎನ್ನುತ್ತ ವರಲಕ್ಷ್ಮಮ್ಮ ಬಟ್ಟೆಗೆ ಸೀಮೆಣ್ಣೆ ಅದ್ದಿ ತಾನೇ ಕೀಲು ಒರೆಸಿದಳು. ಕಪ್ಪು ಅಂಟು ಬೆಲ್ಲದ ಪಾಕದಂತೆ ಎದ್ದು ಬಂತು. ಒಣಗಿದ ಮೇಲೆ ಮುನಿಗಂಗಪ್ಪ ತನ್ನ ರಿಪೇರಿ ಚೀಲದ ಡಬ್ಬಿಯಿಂದ ಎರಡೇ ಹನಿ ಮಷಿನ್ ಎಣ್ಣೆ ಬಿಟ್ಟು, ನೂಲಿಗೆ ತಾಗದಂತೆ ಸುತ್ತ ಒರೆಸಿದ.

ಬಯ್ಯಪ್ಪ ಹಿಡಿಗೆ ಕೈಯಿಟ್ಟ. ಚರಕ ಗಿರ್ರನೆ ತಿರುಗಿತು. ಹತ್ತು ಸುತ್ತು, ಇಪ್ಪತ್ತು, ನಲವತ್ತು. ಏದುಸಿರಿಲ್ಲ. ಕಣ್ಣು ಮಾತ್ರ ತುಂಬಿ ಬಂತು.

"ನಾಳೆ ಆಳು ಬರ್ತಾನೇನಮ್ಮ?" ಅಂದ, ಮೆಲ್ಲಗೆ.

"ಯಾತಕ್ಕೆ ಮಾವ? ನೀವಿಲ್ವಾ?"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಚರಕ, ಹೊಲಿಗೆ ಮಷಿನ್ನು ಭಾರವಾಗಿದೆಯೇ? ದೀಪದ ಎಣ್ಣೆ, ಅಡುಗೆ ಎಣ್ಣೆ ಹಾಕಬೇಡಿ. ಒಲೆ ಆರಿದ ಮೇಲೆ ಸೀಮೆಣ್ಣೆ ಬಟ್ಟೆಯಿಂದ ಹಳೆ ಅಂಟು ಒರೆಸಿ, ಒಣಗಿದ ಮೇಲೆ ಯಂತ್ರಕ್ಕೆ ತಕ್ಕ ಎಣ್ಣೆ ಎರಡು ಹನಿ ಬಿಡಿ. ಎಣ್ಣೆ ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ. ಮನೆಯ ಹಿರಿಯರಿಗೆ ಇನ್ನು ಕೈಲಾಗದು ಅನ್ನುವ ಮುಂಚೆ, ದಯಮಾಡಿ ಒಮ್ಮೆ ಕೀಲು ಮುಟ್ಟಿ ನೋಡಿ.