ಸೀಟಿ ಎಣಿಸುವ ಡಬ್ಬಿ

ನಿಷತಳ ಹೊಲಿಗೆ ಮಿಶನ್ನಿನ ಖಾನೆಯಲ್ಲಿ ಕತ್ತರಿಗಳಿಗಿಂತ ಸ್ಕ್ರೂಡ್ರೈವರುಗಳೇ ಹೆಚ್ಚು. ಇಂಡಿ ಊರಿನ ಹೆಣ್ಣುಮಕ್ಕಳು ಅವಳ ಅಂಗಡಿಗೆ ಕುಪ್ಪಸದ ಅಳತೆ ಕೊಡಲು ಬಂದರೆ, ಅವರ ಕೈಯಲ್ಲಿರುವ ಮೊಬೈಲು ಯಾವ ಕಾಲದ್ದು, ಮನೆಯ ಮಿಕ್ಸರ್ ಯಾಕೆ ಗೊರಗೊರ ಅನ್ನುತ್ತದೆ ಎಂದೆಲ್ಲ ವಿಚಾರಿಸಿದ ಮೇಲೆಯೇ ಅವಳು ಟೇಪು ಬಿಚ್ಚುವುದು. ಗಂಡ ಬಿಲಾಲ ನಿಂಬೆಹಣ್ಣಿನ ವ್ಯಾಪಾರಿ, ಸಮಾಧಾನದ ಮನುಷ್ಯ. ಮದುವೆಯಾದ ಹೊಸತರಲ್ಲಿ ತನ್ನ ಕೈಗಡಿಯಾರವನ್ನು ಅವಳು ಬಿಚ್ಚಿ ಚಾಪೆಯ ಮೇಲೆ ಹರವಿದ್ದನ್ನು ನೋಡಿ ಹೌಹಾರಿದ್ದ. ಈಗ ಪಳಗಿದ್ದಾನೆ. ಮನೆಗೆ ಏನೇ ಹೊಸದು ತಂದರೂ ತಾನೇ ಅವಳ ಮುಂದಿಟ್ಟು, “ತಗೋ, ಮೊದಲ ಇದರ ಹೊಟ್ಟಿ ಬಿಚ್ಚಿ ನೋಡು, ಆಮ್ಯಾಲ ವಾಪರಸೋಣು,” ಅನ್ನುತ್ತಾನೆ.

ಅಂಥ ನಿಷತ ಮನಸ್ಸು ಸೋತದ್ದು ‘ರಂಗೂ’ ಕಂಪನಿಗೆ. ಕಂಪನಿ ಅಂದರೆ ದೊಡ್ಡದೇನಲ್ಲ. ಸಿಂದಗಿಯ ಒಂದು ಮನೆಯ ಮುಂದಿನ ಕೋಣೆ, ಅದರಲ್ಲೊಂದು ಮೇಜು, ಆ ಮೇಜಿಗೆ ಮೊಣಕೈ ಊರಿದ ನಾರಾಯಣರಾವ್ ಕುಲಕರ್ಣಿ. ಐಟಿಐಯಲ್ಲಿ ಮೂವತ್ತು ವರ್ಷ ಕರೆಂಟಿನ ಪಾಠ ಹೇಳಿ ನಿವೃತ್ತರಾದವರು. ಕಂಪನಿಗೆ ಹೆಂಡತಿ ರಂಗೂಬಾಯಿಯ ಹೆಸರನ್ನೇ ಇಟ್ಟಿದ್ದರು.

ಅವರ ಮೊದಲ ಸಾಮಾನು ನಿಷತಳ ಕೈಗೆ ಬಿದ್ದದ್ದು ತವರೂರಾದ ಬಸವನ ಬಾಗೇವಾಡಿಯಲ್ಲಿ. ಹೊರಸಿನ ಮೇಲಿಟ್ಟರೆ ಉರುಳಿ ಬೀಳದಂಥ ಚಪ್ಪಟೆ ಬ್ಯಾಟರಿ ಟಾರ್ಚು. ಬ್ಯಾಟರಿ ಉರುಳಬಾರದು ಎಂದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಅವಳು ಅಣ್ಣ ಖಲೀಲನ ಮುಂದೆ ಅರ್ಧ ದಿನ ಕುಣಿದಾಡಿದ್ದಳು. ಎರಡನೆಯದು ಮುದ್ದೇಬಿಹಾಳದ ಅಂಗಡಿಯಲ್ಲಿ ಸಿಕ್ಕಿತು. ನಳಕ್ಕೆ ಕಟ್ಟಿಬಿಟ್ಟರೆ ನೀರು ಬಂದ ಕೂಡಲೇ ಗಂಟೆ ಬಾರಿಸುತ್ತದೆ. ಮನಸ್ಸು ಬಂದಾಗ ಬರುವ ನೀರಿಗಾಗಿ ಕೊಡ ಹಿಡಿದು ಕೂತವರಿಗೇ ಗೊತ್ತು ಅದರ ಸುಖ.

ಆದರೆ ಅವಳನ್ನು ಪೂರ್ತಿ ಹುಚ್ಚಿಯಾಗಿಸಿದ್ದು ಸಾಮಾನಿನ ಒಳಮೈ. ಎಲ್ಲಕ್ಕೂ ಒಂದೇ ಅಳತೆಯ ನಾಲ್ಕು ಸ್ಕ್ರೂ. ಮುಚ್ಚಳ ತೆಗೆದರೆ ಅದರ ಒಳಗೆ ಅಂಟಿಸಿದ ಚೀಟಿ, ದುಂಡನೆಯ ಕೈಬರಹ: “ತೆರೆದಿರಾ? ಭೇಷ್! ಕೆಂಪು ತಂತಿಗೆ ಕೈ ಹಚ್ಚಬೇಡಿರಿ. ಉಳಿದದ್ದೆಲ್ಲ ನಿಮ್ಮದೇ.” ಅದರ ಕೆಳಗೆ ತಂತಿಗಳ ನಕ್ಷೆ, ಫೋನ್ ನಂಬರು. ದೊಡ್ಡ ದೊಡ್ಡ ಕಂಪನಿಗಳು ಅಂಟು ಬಳಿದು ಮುಚ್ಚಿ, ಬಿಚ್ಚಿದರೆ ಗ್ಯಾರಂಟಿ ಹೋಯಿತು ಎಂದು ಹೆದರಿಸುವ ಕಾಲದಲ್ಲಿ, ಬಿಚ್ಚಿದವಳಿಗೆ ಭೇಷ್ ಅನ್ನುವ ಮನುಷ್ಯ! ನಿಷತ ಅವತ್ತೇ ಫೋನ್ ಹಚ್ಚಿದಳು. ಅಂದಿನಿಂದ ಅವರು ಕಾಕಾ, ಇವಳು ತಂಗಿ. ವಾರಕ್ಕೊಮ್ಮೆ ಮಾತು. ಮುಖ ಮಾತ್ರ ಒಬ್ಬರದೊಬ್ಬರು ನೋಡಿರಲಿಲ್ಲ.

ಮೂರನೆಯದೇ ಈ ಸೀಟಿ ಎಣಿಸುವ ಡಬ್ಬಿ. ಕುಕ್ಕರಿನ ಪಕ್ಕದಲ್ಲಿಟ್ಟು ಎಷ್ಟು ಸೀಟಿ ಬೇಕೋ ಅಷ್ಟಕ್ಕೆ ಗುಂಡಿ ತಿರುವಿದರೆ ಸಾಕು. ಮೂರನೆಯ ಸೀಟಿಗೆ ಡಬ್ಬಿಯೊಳಗಿಂದ ರಂಗೂಬಾಯಿಯ ಧ್ವನಿ ಜೋರಾಗಿ ಗದರುತ್ತದೆ: “ಮೂರಾತು ನೋಡವಾ! ಒಲಿ ಆರಸು!” ನಿಷತಳಿಗೆ ಅದರ ಮೇಲೆ ಎಷ್ಟು ಪ್ರೀತಿಯೆಂದರೆ, ಅದನ್ನು ತಂದ ಮೇಲೆ ಬೇಳೆ ಆಗಾಗ ಅರೆಬೆಂದರೂ ಡಬ್ಬಿಯ ಮೇಲೆ ಸಂಶಯವೇ ಬರಲಿಲ್ಲ. ಈ ವರ್ಷದ ತೊಗರಿಯೇ ಬಿರುಸು ಅಂದಳು. ಕುಕ್ಕರಿನ ರಬ್ಬರು ಬದಲಿಸಿದಳು. ಕೊನೆಗೆ, ಬೇಳೆ ತಂದ ಬಿಲಾಲನಿಗೇ ಬೈದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ; ಇವಳು ಹೆರದೆಯೇ ಮುದ್ದು ಮಾಡಿದಳು. ಪ್ರತಿ ವಾರ ಫೋನಿನಲ್ಲಿ, “ಕಾಕಾ, ಡಬ್ಬಿಗೆ ಕೂದಲೆಳಿಯಷ್ಟೂ ತಪ್ಪಿಲ್ರಿ,” ಅನ್ನುವುದು ತಪ್ಪಲಿಲ್ಲ.

ಒಂದು ದಿನ ನಾರಾಯಣರಾಯರೇ ಫೋನ್ ಮಾಡಿದರು. “ತಂಗೀ, ಮನಗೂಳಿಯ ರೇವವ್ವ ಅಂತ, ಬಿಸಿಯೂಟದ ಅಡಿಗಿ ಮಾಡೋ ಹೆಣ್ಣುಮಕ್ಕಳ ಮುಖಂಡಿ. ನೂರು ಡಬ್ಬಿ ಕೇಳ್ಯಾಳ. ನೀ ಅಷ್ಟು ಹೊಗಳೂದು ಕೇಳೇ ನನಗ ಹೂಂ ಅನ್ನೋ ಧೈರ್ಯ ಬಂತು. ನಾಡದು ಸಂಜಿಗೆ ಅಕಿ ಬರ್ತಾಳ. ನೀ ಮುಂಜಾನೆ ಬಾ. ನೀ ಒಮ್ಮೆ ಕಣ್ಣಾರೆ ನೋಡಿ ಛಲೋ ಅದ ಅಂದಿ ಅಂದ್ರ, ಮರುದಿನದಿಂದ ಕೆಲಸಾ ಚಾಲೂ.”

ನಿಷತಳ ಕಾಲು ನೆಲಕ್ಕೆ ಹತ್ತಲಿಲ್ಲ. ಬಿಲಾಲ ಒಂದು ಚೀಲ ನಿಂಬೆಹಣ್ಣು ಕಟ್ಟಿಕೊಟ್ಟ. ಕಾಕಾನ ಕೈಯಿಂದ ಸಹಿ ಹಾಕಿಸಿಕೊಳ್ಳಬೇಕೆಂದು ಡಬ್ಬಿಯನ್ನೂ ಬ್ಯಾಗಿನಲ್ಲಿ ತುರುಕಿಕೊಂಡು ಅವಳು ಸಿಂದಗಿಯ ಬಸ್ಸು ಹತ್ತಿದಳು. ಮೂರಕ್ಕೆ ತಿರುವಿದ ಗುಂಡಿ ಚಾಲೂ ಇದ್ದದ್ದು ನೆನಪಿರಲಿಲ್ಲ.

ಬಸ್ಸು ಊರು ಬಿಡುವಾಗ ಕಂಡಕ್ಟರ್ ಒಂದು ಸೀಟಿ ಊದಿದ. ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಲು ಇನ್ನೊಂದು. ಹೊರಡಲು ಮತ್ತೊಂದು. ಒಮ್ಮೆಲೆ ಬ್ಯಾಗಿನೊಳಗಿಂದ ರಂಗೂಬಾಯಿ ಗುಡುಗಿದರು: “ಮೂರಾತು ನೋಡವಾ! ಒಲಿ ಆರಸು!”

ಡ್ರೈವರ್ ಗಾಬರಿಯಿಂದ ಬ್ರೇಕ್ ಒತ್ತಿದ. “ಯಾರ್ರೀ ಅದು, ಬಸ್ಸಿನ್ಯಾಗ ಕುಕ್ಕರ್ ಇಟ್ಟಾರು?” ಕಂಡಕ್ಟರ್ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡತೊಡಗಿದ. ಹಿಂದಿನ ಸೀಟಿನ ಮುದುಕಿ, “ಏ ಯವ್ವಾ, ಯಾರದ ಬ್ಯಾಳಿ ಹೊತ್ತತೈತಿ ನೋಡ್ರೇ!” ಅಂದಳು. ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದು ನಕ್ಕಿತು. ನಿಷತಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುನಗುತ್ತಲೇ ಅವಳ ಎದೆ ಧಸಕ್ಕೆಂದಿತು.

ಡಬ್ಬಿಗೆ ಕುಕ್ಕರ್ ಯಾವುದು, ಕಂಡಕ್ಟರ್ ಯಾರು ಗೊತ್ತಿಲ್ಲ! ಯಾವ ಸೀಟಿ ಕೇಳಿದರೂ ತನ್ನದೇ ಅಂದುಕೊಳ್ಳುತ್ತದೆ. ಒಂದೇ ಗೋಡೆಯ ಆಚೆ ನೆರೆಮನೆಯ ಶಮಶಾದಬಿಯ ಅಡುಗೆಮನೆ. ಅವಳ ಕುಕ್ಕರಿನ ಸೀಟಿಯನ್ನೂ ಇದು ಇಷ್ಟು ದಿನ ಎಣಿಸಿದೆ. ತೊಗರಿಯದೂ ತಪ್ಪಿಲ್ಲ, ಬಿಲಾಲನದೂ ತಪ್ಪಿಲ್ಲ. ಇನ್ನು ಬಿಸಿಯೂಟದ ಕೋಣೆಯಲ್ಲಿ ಸಾಲಾಗಿ ಮೂರು ಮೂರು ಕುಕ್ಕರ್. ಒಂದೊಂದು ಒಂದೇ ಸೀಟಿ ಹಾಕುವುದರೊಳಗೆ ಮೂರೂ ಡಬ್ಬಿಗಳು ಒಲೆ ಆರಿಸು ಎಂದು ಕೂಗುತ್ತವೆ. ನೂರು ಡಬ್ಬಿ, ಸಾವಿರಾರು ಮಕ್ಕಳ ತಟ್ಟೆಯಲ್ಲಿ ಹಸಿ ಬೇಳೆ, ಕಾಕಾನ ಹೆಸರು ಮಣ್ಣುಪಾಲು. ಮಾಡಿದ್ದು ಯಾರು? ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ ಇವಳೇ.

ಹೇಳಲೇಬೇಕು. ಆದರೆ ತಾನು ಹೊರಡುವಾಗ ಬಿಲಾಲ ಅಂದದ್ದು ನೆನಪಾಯಿತು: “ಸಿಂದಗಿ ವ್ಯಾಪಾರಸ್ಥರು ಹೇಳ್ತಾರ, ರಂಗೂಬಾಯಾರು ಮನಿಗೆ ಬಂದವರಿಗೆ ಉಣಸಲಾರದ ಕಳಸಂಗಿಲ್ಲಂತ. ಅವರ ಮನಿ ಊಟಾ ಉಂಡಮ್ಯಾಲ ಕುಲಕರ್ಣ್ಯಾರ ಸಾಮಾನಿನ್ಯಾಗ ತಪ್ಪು ತಗಿಯೂ ಬಾಯಿನ ಇಲ್ಲಂತ.” ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹುಟ್ಟಿದಾಗಿನಿಂದ ಕೇಳಿದವಳು ಇವಳು. ಹೋಳಿಗೆ ತಿಂದು ಕೈ ಒರೆಸುತ್ತ, ನಿಮ್ಮ ಡಬ್ಬಿ ದಡ್ಡ ಡಬ್ಬಿ ಅನ್ನುವುದು ಹೇಗೆ? ಉಣ್ಣದೆ ಹೇಳಬೇಕು. ಉಣ್ಣಲು ಒಲ್ಲೆ ಅನ್ನುವುದಕ್ಕೆ ನೆಪ ಬೇಕು.

ನಾರಾಯಣರಾಯರು ಬಾಗಿಲಲ್ಲೇ ನಿಂತಿದ್ದರು. ಬಿಳಿ ಪೈಜಾಮ, ಕಿವಿಯ ಮೇಲೆ ಪೆನ್ಸಿಲು, ಹುಡುಗರ ಹಾಗೆ ಹಲ್ಲೆಲ್ಲ ಕಾಣುವ ನಗು. ರಂಗೂಬಾಯಿ ತಂಬಿಗೆಯಲ್ಲಿ ನೀರು, ಅಂಗೈಯಷ್ಟು ಬೆಲ್ಲ ತಂದಿಟ್ಟರು. ಬಿಸಿಲಿಗೋ ಹೆದರಿಕೆಗೋ ನಿಷತ ಗಟಗಟ ಕುಡಿದು ತಂಬಿಗೆ ಖಾಲಿ ಮಾಡಿದಳು.

ಆಮೇಲೆ ಮುಂದಿನ ಕೋಣೆ! ಅವಳು ಒಂದು ಗಳಿಗೆ ಎಲ್ಲ ಮರೆತಳು. ಗೋಡೆಗೆ ಸಾಲಾಗಿ ತೂಗು ಹಾಕಿದ ಇಕ್ಕಳ, ಉಪ್ಪಿನಕಾಯಿಯ ಭರಣಿಗಳ ತುಂಬ ಬಣ್ಣಬಣ್ಣದ ಬಿಡಿಭಾಗ, ಹಳೆಯ ರೇಡಿಯೋಗಳ ಎಲುಬು. ಇದು ಏನ್ರಿ, ಅದು ಹೆಂಗ್ರಿ ಎಂದು ಮುಟ್ಟಿದ್ದನ್ನೇ ಮುಟ್ಟಿದಳು. ಕಾಕಾ ಒಂದಕ್ಕೆ ನಾಲ್ಕು ಹೇಳಿದರು. ಮೂಲೆಯಲ್ಲಿ ಸೂರಿನವರೆಗೆ ಪೇರಿಸಿದ ನೂರು ಖಾಲಿ ಡಬ್ಬಿಗಳು ಕಂಡಾಗ ಮಾತ್ರ ಹೇಳಬೇಕಾದದ್ದು ನೆನಪಾಯಿತು.

ಅಷ್ಟರಲ್ಲಿ ಒಳಗಿನಿಂದ ಹಸಿಮೆಣಸು, ಶೇಂಗಾ ಹುರಿದ ಘಮ ಬಂತು. ರಂಗೂಬಾಯಿ ತಟ್ಟೆ ಹಿಡಿದು ಬಂದರು. ಹೊಳೆಯುವ ಸಾಬುದಾಣಿ ಖಿಚಡಿ. “ತಗೋವಾ, ಬಿಸಿ ಅದ.”

“ಬ್ಯಾಡ್ರಿ ಕಾಕು, ಇವತ್ತ… ರೋಜಾ ಹಿಡದೇನ್ರಿ.”

ಅಂದ ಕೂಡಲೇ ನಿಷತಳ ಕಿವಿ ಬಿಸಿಯಾದವು. ಉಪವಾಸದ ನೆಪ, ದೇವರ ಹೆಸರಿನ ಮೇಲೆ ಸುಳ್ಳು! ರಂಗೂಬಾಯಿ ಖಾಲಿ ತಂಬಿಗೆ ನೋಡಿದರು, ಗಂಡನ ಮುಖ ನೋಡಿದರು, ತಟ್ಟೆ ಮುಚ್ಚಿಟ್ಟು ಒಳಗೆ ಹೋದರು. ನಾರಾಯಣರಾಯರು ಕನ್ನಡಕ ಒರೆಸಿಕೊಂಡರು. “ಇರ್ಲಿ. ಈಗ ಹೇಳು ತಂಗೀ, ನೂರು ಮಾಡಲೇನು?”

ನಿಷತ ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. “ಮಾಡಬ್ಯಾಡ್ರಿ ಕಾಕಾ. ವರ್ಷಾತು, ನಾ ನಿಮಗ ಬರೇ ಹೊಗಳಿಕಿ ಹೇಳೇನಿ. ಇದರ ಕಿವಿ ಭಾಳ ಚುರುಕ ಐತ್ರಿ. ಯಾರ ಸೀಟಿ ಕೇಳಿದ್ರೂ ತನ್ನದ ಅಂತೈತಿ. ಮಗ್ಗಲಮನಿ ಕುಕ್ಕರ್ ಎಣಸೈತಿ. ಇವತ್ತ ಬಸ್ಸಿನ್ಯಾಗ ಕಂಡಕ್ಟರನ ಸೀಟೀನೂ ಎಣಸ್ತು. ರೇವವ್ವಗ ಕೊಟ್ರ ಮಕ್ಕಳು ಹಸಿ ಬ್ಯಾಳಿ ಉಣ್ತಾವ್ರಿ.”

ನಾರಾಯಣರಾಯರು ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಎರಡು ಬೆರಳು ಬಾಯಿಗೆ ಹಾಕಿ ಒಂದು ಸೀಟಿ ಹೊಡೆದರು. ಇನ್ನೊಂದು. ಮತ್ತೊಂದು.

“ಮೂರಾತು ನೋಡವಾ! ಒಲಿ ಆರಸು!”

“ನಾ ಏನೂ ಅಂದಿಲ್ರೀ!” ಒಳಗಿನಿಂದ ನಿಜವಾದ ರಂಗೂಬಾಯಿ ಕೂಗಿದರು.

ಮುದುಕ ಮೊದಲು ಮೂಗಿನಲ್ಲಿ ನಕ್ಕರು, ಆಮೇಲೆ ಭುಜ ಕುಣಿಸಿ ನಕ್ಕರು, ಕೊನೆಗೆ ಮೇಜು ಬಡಿದು ಬಡಿದು ನಕ್ಕರು. ಅಳುವ ಅಂಚಿನಲ್ಲಿದ್ದ ನಿಷತಳಿಗೂ ನಗು ತಡೆಯಲಾಗಲಿಲ್ಲ.

“ಹನ್ನೆರಡು ವರ್ಷಾತು ತಂಗೀ ಈ ಕೋಣ್ಯಾಗ ಕೂತು,” ಅಂದರು ಕಣ್ಣೊರೆಸಿಕೊಳ್ಳುತ್ತ. “ಒಬ್ಬರೂ ಒಂದು ತಪ್ಪು ಹೇಳ್ಲಿಲ್ಲ. ನಾನೇನು ವಿಶ್ವಕರ್ಮನೇ? ಆಮ್ಯಾಲ ತಿಳೀತು, ನಮ್ಮಾಕಿ ಎಲ್ಲಾರಿಗೂ ಮೊದಲ ಉಣಸಿಬಿಡ್ತಾಳ. ಅದಕ್ಕ ನಿನ್ನ ಇವತ್ತ ಕರದೆ. ಇವತ್ತ ಏಕಾದಶಿ. ಮನ್ಯಾಗ ಎಲಿ ಹಾಕೂ ಹಂಗಿಲ್ಲ. ಉಣ್ಣದವರಾದ್ರೂ ಖರೇ ಹೇಳ್ಯಾರು ಅಂತ! ಆದ್ರ ಈಕಿ ಏಕಾದಶಿಗೂ ಖಿಚಡಿ ಮಾಡಿ ನನ್ನ ಲೆಕ್ಕಾ ಕೆಡಿಸಿದ್ಲು.”

“ಬಂದವರನ್ನ ಬರೇ ಹೊಟ್ಟೀಲೆ ಕೂಡಿಸ್ಲೇನು?” ರಂಗೂಬಾಯಿ ಬಾಗಿಲಿಗೆ ಬಂದು ನಿಂತರು.

ನಿಷತ ತಲೆ ತಗ್ಗಿಸಿದಳು. “ಕಾಕು, ಸುಳ್ಳ ಹೇಳಿದೆ. ರೋಜಾ ಇಲ್ರಿ.”

“ಗೊತ್ತದ. ರೋಜಾ ಇದ್ದಾಕಿ ಒಂದು ತಂಬಗಿ ನೀರು ಗಟಗಟ ಕುಡದೀಯೇನು?” ರಂಗೂಬಾಯಿ ಅವಳ ಗಲ್ಲ ಹಿಡಿದು ಎತ್ತಿದರು. “ಆಗಲೇ ಅಂದ್ಕೊಂಡೆ, ಈ ಹುಡುಗಿ ಖರೇ ಹೇಳ್ಲಿಕ್ಕೆ ಹೊಟ್ಟಿ ಕಟ್ಟಿಕೊಂಡು ಬಂದದ ಅಂತ.”

“ಬರೂ ಸೋಮವಾರ ಖರೇನ ಹಿಡೀತೇನ್ರಿ,” ಎಂದು ನಿಷತ ಮೇಲೆ ನೋಡಿ ಗಲ್ಲ ಬಡಿದುಕೊಂಡಳು. ಆಮೇಲೆ ಎರಡು ತಟ್ಟೆ ಖಿಚಡಿ ತಿಂದಳು, ತಾನೇ ತಂದ ನಿಂಬೆಹಣ್ಣು ಹಿಂಡಿಕೊಂಡು.

ತಿನ್ನುತ್ತಲೇ ಅವಳಿಗೆ ಹೊಳೆಯಿತು. “ಕಾಕಾ, ನನ್ನ ಅಂಗಡ್ಯಾಗ ಎಷ್ಟ ಗದ್ದಲ ಇದ್ರೂ ಬಾಬಿನ್ ದಾರ ಮುಗೀತಂದ್ರ ಮಿಶನ್ ಮ್ಯಾಲಿನ ಅಂಗೈಗೆ ತಿಳೀತೈತ್ರಿ. ನಡಗೂದ ಬ್ಯಾರೆ ಆಗ್ತೈತಿ. ಈ ಡಬ್ಬಿ ಕೇಳೂದ ಬಿಟ್ಟು ಮುಟ್ಟಿ ನೋಡಿದ್ರ? ಕುಕ್ಕರಿನ ಹಿಡಿಕಿಗೆ ಕಟ್ಟಿ?”

ನಾರಾಯಣರಾಯರು ಎದ್ದೇ ನಿಂತರು. ಕಿವಿಯ ಪೆನ್ಸಿಲು ಕೆಳಗೆ ಬಿತ್ತು. ಇಬ್ಬರೂ ಮೇಜಿಗೆ ಕೂತರು. ಕೇಳುವ ತುಂಡು ಕಿತ್ತು, ಸೀಟಿಯ ನಡುಕ ಮಾತ್ರ ಹಿಡಿಯುವ ತುಂಡು ಬೆಸೆದು, ತಂತಿ ಹೊರಗೆ ಎಳೆದು ಕುಕ್ಕರಿನ ಹಿಡಿಕೆಗೆ ಕಟ್ಟಿ, ಬರೀ ನೀರು ಹಾಕಿ ಒಲೆಯ ಮೇಲಿಟ್ಟರು. ರಾಯರು ಬೆರಳಿಟ್ಟು ಹತ್ತು ಸೀಟಿ ಹೊಡೆದರೂ ಡಬ್ಬಿ ತುಟಿಪಿಟಿಕ್ಕೆನ್ನಲಿಲ್ಲ. ಕುಕ್ಕರ್ ಮೂರನೆಯ ಸೀಟಿ ಹಾಕಿದಾಗ ಮಾತ್ರ ಗದರಿತು. ನಿಷತ ರಂಗೂಬಾಯಿಯನ್ನು ಅಪ್ಪಿಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿಸಿದಳು. ಸಂಜೆ ಬಂದ ರೇವವ್ವನಿಗೆ ರಾಯರು, “ಇನ್ನ ಹದಿನೈದು ದಿನಾ ಹೆಚ್ಚು ಕೊಡವಾ, ಒಂದು ತಪ್ಪು ಸಿಕ್ಕದ,” ಎಂದು ಹಬ್ಬದ ಸುದ್ದಿ ಹೇಳುವವರ ಹಾಗೆ ಹೇಳಿದರು. ರೇವವ್ವ ತಾನೂ ಒಮ್ಮೆ ಕುಕ್ಕರಿನ ನೀರಿನ ಆಟ ನೋಡಿ, ಆಗಲಿ ಅಂದಳು.

ಹೊರಡುವಾಗ ರಾಯರು ಹೊಸ ಡಬ್ಬಿಯನ್ನು ಅವಳ ಕೈಗಿಟ್ಟರು. ನಿಷತ ಸಹಿ ಕೇಳಿದಳು. “ಒಳಗ ಹಾಕೇನಿ,” ಅಂದರು.

ಮನೆ ಮುಟ್ಟುವವರೆಗೆ ತಡೆದುಕೊಳ್ಳುವ ಜಾತಿಯಲ್ಲ ಅವಳು. ಬಸ್ಸಿನಲ್ಲಿ ಕೂತವಳೇ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಅದೇ ದುಂಡನೆಯ ಬರಹ: “ತೆರೆದಿರಾ? ಭೇಷ್! ಕೆಂಪು ತಂತಿಗೆ ಕೈ ಹಚ್ಚಬೇಡಿರಿ. ಉಳಿದದ್ದೆಲ್ಲ ನಿಮ್ಮದೇ.” ಅದರ ಕೆಳಗೆ ಹೊಸದಾಗಿ ಎರಡು ಸಾಲು: “ಮಾಡಿದವರು: ನಾರಾಯಣ, ಸಿಂದಗಿ ಮತ್ತು ನಿಷತ, ಇಂಡಿ. ತಪ್ಪು ಕಂಡರೆ ಹೇಳಿರಿ; ಊಟ ಆಮೇಲೆ.”

ನಿಷತ ಅದನ್ನು ನಾಲ್ಕು ಸಲ ಓದಿದಳು. ಕಣ್ಣು ಮಂಜಾದವು. ಮಡಿಲ ಮೇಲೆ ಹರವಿದ ಸ್ಕ್ರೂಗಳನ್ನು ಕೈಯಿಂದ ಮುಚ್ಚಿ ಹಿಡಿದಳು.

ಬೆಳಗಿನ ಕಂಡಕ್ಟರನೇ ಇದ್ದ. ಅವಳ ಗುರುತು ಹಿಡಿದು, ಬೇಕಂತಲೇ ಅವಳ ಸೀಟಿನ ಹತ್ತಿರ ಬಂದು ಒಂದು ಸೀಟಿ ಊದಿದ, ಎರಡು ಊದಿದ, ಮೂರು ಊದಿ ಕಿವಿಗೊಟ್ಟು ನಿಂತ. ಡಬ್ಬಿ ಸುಮ್ಮನಿತ್ತು. ಪಾಪ, ಅವನ ಮುಖ ಸಣ್ಣದಾಯಿತು. ಅದನ್ನು ನೋಡಿ ನಿಷತಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಬಸ್ಸಿನ ತುದಿಯವರೆಗೆ ಕೇಳುವಂತೆ ಕೂಗಿದಳು:

“ಮೂರಾತು ನೋಡ್ರೆಪಾ! ಒಲಿ ಆರಸ್ರಿ!”